ಕುಂಕುಮ ಹಚ್ಚಿದ ಇಲಿಗೂಡು

ಇಲಿಯ ಉಚ್ಚೆಯ ವಾಸನೆ ಒಮ್ಮೆ ಸೀರೆಗೆ ಹತ್ತಿತೆಂದರೆ ಯಾವ ಸೋಪಿಗೂ ಬಗ್ಗುವುದಿಲ್ಲ. ಐವತ್ತರ ದಶಕ ಮುಗಿಯುತ್ತಿದ್ದ ಒಂದು ಮಾಗಿಯಲ್ಲಿ ಆ ವಾಸನೆ ನಮ್ಮ ಅಜ್ಜಂಪುರದ ಮನೆಯ ಅಡುಗೆಮನೆಯವರೆಗೂ ಬಂದಿತ್ತು. ಬೆಂಗಳೂರಿನಲ್ಲಿ ಔಷಧಿಗಳ ವಿಷಯ ಓದುತ್ತಿದ್ದ ನನ್ನ ಮೈದುನ ರಜೆಗೆಂದು ರೈಲಿಳಿದಾಗ, ಹಾಸಿಗೆ ಸುರುಳಿಯ ಜೊತೆಗೆ ಬಿಳಿ ಇಲಿಗಳ ಎರಡು ಗೂಡುಗಳನ್ನೂ ತಂದಿದ್ದ. ಅತಿಥಿಗಳೆದುರು ಮೂಗು ಮುಚ್ಚಿಕೊಳ್ಳಬಾರದೆಂದು ಕಾನ್ವೆಂಟಿನಲ್ಲಿ ನಮಗೆ ಕಲಿಸಿದ್ದರು. ಇಲಿಗಳು ಅತಿಥಿಗಳೋ ಅಲ್ಲವೋ ಎಂದು ಹೇಳಿಕೊಟ್ಟಿರಲಿಲ್ಲ.

ರಕ್ತದೊತ್ತಡಕ್ಕೆ ಕೊಡುವ ಸರ್ಪಗಂಧದ ಮದ್ದನ್ನು ಅವನು ಇಲಿಗಳಿಗೆ ಕೊಡುತ್ತಿದ್ದ. ಅವು ಬೆನ್ನು ಗೂನಾಗಿಸಿ, ರೆಪ್ಪೆ ಜೋತುಬಿದ್ದು, ಮೂಲೆ ಹಿಡಿಯುತ್ತಿದ್ದವು. ಆಮೇಲೆ ಒಂದು ಗೂಡಿಗೆ ಒಂದೆಲಗದ ಸಾರ, ಇನ್ನೊಂದಕ್ಕೆ ಬರೀ ನೀರು. ಯಾವುದರ ಮಂಕು ಬೇಗ ಹರಿಯುತ್ತದೆಂದು ಹೆಬ್ಬೆರಳಿನಿಂದ ರೆಪ್ಪೆ ಎತ್ತೆತ್ತಿ ನೋಡುತ್ತಿದ್ದ. ಜೀವವನ್ನು ಬೇಕೆಂದೇ ಬಾಡಿಸಿ, ಆಮೇಲೆ ಅರಳಿತೇ ಎಂದು ಕೇಳುವುದು! ನನಗೆ ಊಟ ಸೇರುತ್ತಿರಲಿಲ್ಲ. ಕೆರೆಯಂಚಿನಿಂದ ಕಿತ್ತು ತಂದ ಸೊಪ್ಪು ಸ್ಪಿರಿಟ್ಟಿನಲ್ಲಿ ನೆನೆದು, ನನ್ನದೇ ತಟ್ಟೆಯಲ್ಲಿ ಬಿಸಿಲಿಗೆ ಬತ್ತಿ, ಕೊನೆಗೆ ಗಾಡಿಯ ಕೀಲೆಣ್ಣೆಯಂಥ ಕಪ್ಪು ಅಂಟಾಗಿ ಉಳಿಯುತ್ತಿತ್ತು. ಸಾರ ಕುಡಿಯುವ ಗೂಡು ಯಾವುದೆಂದು ಗುರುತಿಗೆ ನನ್ನ ಭರಣಿಯಿಂದಲೇ ಕುಂಕುಮ ತೆಗೆದು ಅದರ ನೆತ್ತಿಗೆ ಹಚ್ಚಿದ.

ಇದೆಲ್ಲ ಯಾರಿಗಾಗಿ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ತರೀಕೆರೆಗೆ ಕೊಟ್ಟಿದ್ದ ನನ್ನ ನಾದಿನಿ, ಅಂದರೆ ಅವನ ಅಕ್ಕ, ಹೆತ್ತ ಮಗುವನ್ನು ಕಳೆದುಕೊಂಡು ತವರಿಗೆ ಬಂದಿದ್ದಳು. ಮಾತಿಲ್ಲ, ಅಳುವೂ ಇಲ್ಲ. ಹಿತ್ತಿಲ ಬಾಗಿಲಲ್ಲಿ ಕೂತು ಸೆರಗಿನ ಎಳೆ ಬಿಡಿಸುತ್ತಿದ್ದಳು.

“ಇಲಿ ಮೇಲೆ ಸೊಪ್ಪು ಹಿಡಿದ್ರೆ ಅಕ್ಕಂಗೂ ಕೊಡೋಣ,” ಎಂದಿದ್ದ ಮೈದುನ.

ಗೂಡು ಗುಡಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಕುಂಕುಮದ ಗೂಡಿಗೆ ಮಾತ್ರ ಇರುವೆ ಸಾಲು ಹತ್ತುತ್ತಿತ್ತು. ಹಿಕ್ಕೆಯ ನಡುವೆ ಕೊಬ್ಬರಿಯ ಚೂರು, ಬೆಲ್ಲದ ಅಂಟು. ಅದೂ ಅವನ ಪ್ರಯೋಗದ್ದೇ ಇರಬೇಕೆಂದು ಸುಮ್ಮನಿದ್ದೆ.

ಒಂದು ಬೆಳಿಗ್ಗೆ, “ಹಿಡೀತು ಅತ್ತಿಗೆ, ಎಫೆಕ್ಟ್ ಹಿಡೀತು!” ಎಂದು ಕುಣಿಯುತ್ತಾ ಬಂದ. ಕುಂಕುಮದ ಗೂಡಿನ ಇಲಿಗಳು ಕಣ್ಣರಳಿಸಿ ಓಡಾಡುತ್ತಿದ್ದವು. ಜಗಲಿಯ ಮೇಲಿದ್ದ ಇನ್ನೊಂದು ಗೂಡಿನವು ಮುದುಡಿಕೊಂಡೇ ಇದ್ದವು. ಆ ಅಂಟನ್ನು ನೀರಿಗೆ ಕದಡಿ, ಹಿತ್ತಾಳೆ ಲೋಟದಲ್ಲಿ ಹಿಡಿದು, ನಾದಿನಿಯ ಮುಂದೆ ಕುಕ್ಕುರುಗಾಲಲ್ಲಿ ಕೂತ. ಇಲಿ ಮುಟ್ಟಿದ ಕೈ ತೊಳೆದಿರಲಿಲ್ಲ. ಅದೇ ಹೆಬ್ಬೆರಳಿನಿಂದ ಅವಳ ರೆಪ್ಪೆ ಎತ್ತಿ ನೋಡಿದ.

“ಕೊಬ್ಬರಿ ಬೆಲ್ಲ ಹಾಕಿದ್ದೂ ನಿನ್ನ ಪ್ರಯೋಗದಲ್ಲಿದೆಯೇನಪ್ಪಾ?” ಎಂದು ಕೇಳಿದೆ.

“ಯಾವ ಕೊಬ್ರಿ?”

ಒಲೆಯ ಮುಂದಿದ್ದ ಅತ್ತೆ ತಿರುಗಿದರು. “ನಾನೇ ಕಣೋ ಹಾಕಿದ್ದು. ಕುಂಕುಮ ಹಚ್ಚಿದ್ಯಲ್ಲ, ಗಣಪ್ಪನ ಇಲಿ ಅಂದ್ಕೊಂಡೆ. ರಾತ್ರಿ ಚಳಿ ಅಂತ ಒಲೆ ಮಗ್ಗುಲಿಗೂ ಎಳ್ಕೊಂಡಿದ್ದೆ.”

“ಅಯ್ಯೋ ಅವ್ವಾ! ಇನ್ನೊಂದ್ ಗೂಡಿಗೆ?”

“ಅವು ಬರೀ ಇಲಿ ಕಣೋ. ಅವಕ್ಯಾಕೆ ಕೊಬ್ರಿ?”

ಮೈದುನ ತಲೆ ಕೆರೆದುಕೊಂಡ. ಆದರೂ ಲೋಟ ಕೆಳಗಿಡಲಿಲ್ಲ. “ಇರ್ಲಿ ಬಿಡಿ, ಸೊಪ್ಪು ತಾನೇ? ಕುಡುದ್ರೆ ಲುಕ್ಸಾನೇನು? ಬಾಯ್ ತೆಗಿ ಅಕ್ಕ.”

ನಾದಿನಿ ಮುಖ ತಿರುಗಿಸಿದಳು. ಬಹಳ ದಿನಗಳಿಂದ ಆಡದಿದ್ದ ಗಂಟಲು ಗೊರಗೊರ ಎಂದಿತು. “ನಾನು ಯಾವ ಗೂಡಿಂದೋ?”

ನಾನು ಲೋಟ ಕಿತ್ತುಕೊಂಡು ಬಚ್ಚಲಿಗೆ ಸುರಿದೆ. ಅವನು ತಡೆಯಲಿಲ್ಲ.

ಸಂಜೆ ಹುಣಸೆಹಣ್ಣು, ಬೂದಿ ಹಾಕಿ ಎಷ್ಟು ಉಜ್ಜಿದರೂ ಲೋಟದ ತಳದಲ್ಲಿ ಅಂಟು ಉಳಿದೇ ಇತ್ತು. ಕೆರೆಯ ಪಾಚಿ, ಸ್ಪಿರಿಟ್ಟು, ಇಲಿ ಎಲ್ಲ ಸೇರಿದ ನಾತ. ನಾದಿನಿ ಹೊಸ್ತಿಲಿನಿಂದ ಎದ್ದು ಬಂದು ನನ್ನ ಪಕ್ಕ ಕೂತಳು. ಸೆರಗಿನಿಂದ ಮೂಗು ಮುಚ್ಚಿಕೊಂಡಳು.

“ಥೂ! ಅತ್ಲಾಗ್ ಬಿಸಾಕಿ ಅತ್ತಿಗೆ.”

ನಾನು ತವರಿನಿಂದ ತಂದ ಗಟ್ಟಿ ಹಿತ್ತಾಳೆಯ ಲೋಟ. ಬಿಸಾಕಿದೆ.