ಮೇಜಿನ ಕೆಳಗಿಟ್ಟ ಲಂಗೋಟಗಳು

ಮಗಳು ಹುಟ್ಟಿದಾಗ ನಾವು ಹೊಳೆನರಸೀಪುರದಲ್ಲಿದ್ದೆವು. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಪ್ರಾಥಮಿಕ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದೆ. ರಜೆ ಮುಗಿದು ಶಾಲೆಗೆ ಹೋಗಬೇಕಾದಾಗ ಮಗುವನ್ನು ನೋಡಿಕೊಳ್ಳಲು ಅರಕಲಗೂಡಿನ ಕಡೆಯಿಂದ ನಮ್ಮತ್ತೆ ಬಂದರು. ಹೊಲದ ಕೆಲಸ ಮಾಡಿ ಮಾಡಿ ಅವರ ಬೆರಳ ಗಿಣ್ಣುಗಳೆಲ್ಲ ಊದಿಕೊಂಡಿದ್ದವು. ಹಳೇ ಪಂಚೆ ಹರಿದು ಮೂಲೆಗೆ ಮೂಲೆ ಸೇರಿಸಿ ಗಂಟು ಹಾಕುವ ಲಂಗೋಟ ಅವರಿಗೆ ದೊಡ್ಡ ಶಿಕ್ಷೆಯಾಯಿತು.

"ಗಂಟಾಕಾಕೆ ನನ್ ಬೆಳ್ಳು ಬಗ್ಗಲ್ಲ ಕಣವ್ವಾ. ಬಿಗಿಯಾಗ್ ಆಕುದ್ರೆ ಬಿಚ್ಚಾಕಾಗಲ್ಲ, ಸಡ್ಲ ಆಕುದ್ರೆ ಕೂಸು ಕಾಲ್ ಆಡ್ಸುದ್ ಏಟ್ಗೇ ಜಾರೋಯ್ತದೆ," ಅಂದರು.

ಹಾಸನದ ಔಷಧಿ ಅಂಗಡಿಯಲ್ಲಿ ಆಗ ಸಿಗುತ್ತಿದ್ದ ಪ್ಲಾಸ್ಟಿಕ್ಕಿನ ಡೈಪರ್ ತಂದು ಹಾಕಿದೆವು. ಮಗುವಿನ ತೊಡೆಸಂದಿ ಕೆಂಪಗೆ ಸುಟ್ಟ ಹಾಗಾಯಿತು. ಅತ್ತೆ ಅದನ್ನು ನೋಡಿ ಮಿಕ್ಕ ಡೈಪರನ್ನೆಲ್ಲ ಕಸದ ಬುಟ್ಟಿಗೆ ಹಾಕಿದರು.

ಹಾಗಾಗಿ ನಾನೇ ಹೊಲಿಯಲು ಕೂತೆ. ಮದುವೆಯಲ್ಲಿ ತವರಿನಿಂದ ಬಂದ ಹೊಲಿಗೆ ಯಂತ್ರ ಇತ್ತು. ಹಳೇ ಪೇಪರಿನಲ್ಲಿ ಡಮರುವಿನ ಆಕಾರ ಕತ್ತರಿಸಿಕೊಂಡೆ. ಒಳಗೆ ನನ್ನವರ ಸವೆದ ಪಂಚೆಯ ಪದರಗಳು, ಮೇಲೆ ಮೆತ್ತನೆಯ ಫ್ಲಾನೆಲ್. ಕಾಲಿನ ಸುತ್ತ ಎಲಾಸ್ಟಿಕ್. ಗಂಟಿನ ಬದಲು ಸೊಂಟಕ್ಕೆ ಟಿಚ್ ಬಟನ್. ಮೊದಲು ಹೊಲಿದದ್ದು ಸೋರಿತು. ಆಮೇಲೆ ಹೊಲಿದದ್ದರ ಎಲಾಸ್ಟಿಕ್ ಬಿಗಿಯಾಗಿ ತೊಡೆಯ ಮೇಲೆ ಗೆರೆ ಮೂಡಿತು. ಬಿಚ್ಚಿದೆ, ಮತ್ತೆ ಹೊಲಿದೆ. ಅಷ್ಟರಲ್ಲಿ ಮಗು ಬೆಳೆದು ಅಳತೆಯೇ ಬದಲಾಗಿತ್ತು. ತಲೆ ಕೆಟ್ಟು ಹೋಯಿತು. ಕೊನೆಗೆ, ಮುಂಭಾಗದಲ್ಲಿ ಒಂದರ ಕೆಳಗೊಂದು ಬಟನ್ನಿನ ಸಾಲು ಇಟ್ಟರೆ ಬಟ್ಟೆಯನ್ನು ಮಡಿಸಿ ಗಿಡ್ಡ ಮಾಡಬಹುದಲ್ಲ ಎಂದು ಹೊಳೆಯಿತು. ಕೂಸಿಗೆ ಮಡಿಸಿ ಹಾಕು, ಮಗು ಬೆಳೆದ ಹಾಗೆ ಒಂದೊಂದು ಸಾಲು ಬಿಚ್ಚುತ್ತಾ ಹೋಗು. ಒಂದೇ ಅಳತೆಯ ಲಂಗೋಟ ನಡೆದಾಡುವ ಮಗುವಿನ ತನಕ ಸಾಕು.

ಅತ್ತೆ ಊದಿದ ಹೆಬ್ಬೆರಳಿಂದ ಬಟನ್ ಅದುಮಿ ಟಿಚ್ ಎನ್ನಿಸಿದರು. ಬಿಚ್ಚಿದರು, ಮತ್ತೆ ಅದುಮಿದರು. "ಇದು ಬುಡು, ನಾನೂ ಆಕ್ಬೋದು," ಎಂದು ನಕ್ಕರು. ನಮ್ಮ ಮನೆಗೆ ಬಂದ ಮೇಲೆ ಅವರು ಹಾಗೆ ನಕ್ಕದ್ದು ಅದೇ ಮೊದಲು.

ಆ ವರ್ಷ ಹಾಸನದಲ್ಲಿ ಹೆಂಗಸರ ಸಂಘವೊಂದು ಕೈಕೆಲಸದ ಪ್ರದರ್ಶನ ಇಟ್ಟಿತ್ತು. ಮನೆಯಲ್ಲಿ ಮಾಡಿದ್ದು ಏನಾದರೂ ತರಬಹುದು, ಒಳ್ಳೆಯದಕ್ಕೆ ಬಹುಮಾನವೂ ಇದೆ ಎಂದಿದ್ದರು. ನಾನು ಹೊಸದಾಗಿ ಕೆಲವು ಲಂಗೋಟ ಹೊಲಿದು, ಇಸ್ತ್ರಿ ಮಾಡಿ, ಅತ್ತೆಯನ್ನೂ ಮಗುವನ್ನೂ ಕರೆದುಕೊಂಡು ಬಸ್ಸು ಹತ್ತಿದೆ. ನನ್ನ ಮೇಜಿನ ಎಡಕ್ಕೆ ಮಣಿಯ ಗಿಳಿ, ಬಲಕ್ಕೆ ಉಲ್ಲನ್ನಿನ ನಾಯಿ. ನಡುವೆ ನನ್ನ ಲಂಗೋಟಗಳನ್ನು ಹರಡಿದೆ.

ಸಂಘದ ಅಧ್ಯಕ್ಷೆ ಬಂದು ನೋಡಿದರು. ಹಾಸನದಲ್ಲಿ ದೊಡ್ಡ ಮನೆ, ದೊಡ್ಡ ಮಾತಿನ ಹೆಂಗಸು.

"ಇದೇನ್ರೀ ಇದು?"

"ಮಕ್ಕಳ ಲಂಗೋಟ ಮೇಡಂ. ಒಂದೇ ಅಳತೆ, ಎಲ್ಲಾ ವಯಸ್ಸಿಗೂ ಬರತ್ತೆ. ನೋಡಿ, ಇಲ್ಲಿ ಮಡಿಸಿದ್ರೆ..."

"ಅಯ್ಯೋ, ಮುಟ್ಟಿಸ್ಬೇಡಿ. ಇದನ್ನೆಲ್ಲಾ ಜನ ನೋಡೋ ಕಡೆ ಇಡ್ತಾರಾ?"

"ಹೊಸದು ಮೇಡಂ. ಯಾವ ಮಗುವೂ ಹಾಕಿಕೊಂಡಿಲ್ಲ."

"ಹೊಸದಾದ್ರೇನು? ನೋಡಿದ ತಕ್ಷಣ ಏನು ಜ್ಞಾಪಕ ಬರತ್ತೆ ಹೇಳಿ!"

ಅಷ್ಟು ಹೇಳಿ ಮುಂದೆ ಹೋದರು. ಮಗಳು ಅಳತೊಡಗಿದ್ದಳು. ಅತ್ತೆಯನ್ನೂ ಕರೆದುಕೊಂಡು ಹಿಂದಿನ ಕೋಣೆಗೆ ಹೋಗಿ ಹಾಲು ಕುಡಿಸಿಕೊಂಡು ಬಂದೆ. ಬರುವಷ್ಟರಲ್ಲಿ ಲಂಗೋಟಗಳಿಲ್ಲ. ಆ ಜಾಗದಲ್ಲಿ ಪ್ಲಾಸ್ಟಿಕ್ ದಾರದ ಹೂಬುಟ್ಟಿ ಕೂತಿತ್ತು. ಬಗ್ಗಿ ಮೇಜಿನ ಬಟ್ಟೆ ಎತ್ತಿದೆ. ಚಪ್ಪಲಿಗಳ ಪಕ್ಕ ಒಂದು ರಟ್ಟಿನ ಡಬ್ಬದಲ್ಲಿ ಅವನ್ನು ತುರುಕಿದ್ದರು. ಇಸ್ತ್ರಿಯೆಲ್ಲ ಮುದುರಿ ಹೋಗಿತ್ತು.

ನನ್ನ ಕಿವಿ ಬಿಸಿಯಾಯಿತು. ಅಲ್ಲಿದ್ದವರೆಲ್ಲ ಹೆಂಗಸರು. ಹೆತ್ತವರು, ಎತ್ತಿ ಆಡಿಸಿದವರು, ಚಳಿಯಲ್ಲಿ ತಣ್ಣೀರಿಗೆ ಕೈಹಾಕಿ ಅದೇ ಬಟ್ಟೆ ಒಗೆದವರು. ಗಿಳಿಯಿಂದ ಯಾವ ಮನೆಗೆ ಏನು ಉಪಯೋಗ? ನಾಯಿ ಯಾವ ಕೂಸನ್ನು ಒದ್ದೆಯಾಗದಂತೆ ಮಲಗಿಸುತ್ತದೆ? ಆದರೂ ಅವುಗಳಿಗೆ ಮೇಜು, ನಮ್ಮ ದಿನದ ಕೆಲಸಕ್ಕೆ ಚಪ್ಪಲಿಯ ಪಕ್ಕ ಜಾಗ. ಗಂಡಸರು ಯಾರಾದರೂ ಹಾಗೆ ಮಾಡಿದ್ದರೆ ಇಷ್ಟು ಉರಿಯುತ್ತಿರಲಿಲ್ಲವೇನೋ.

ಡಬ್ಬ ಹೊರಗೆಳೆದೆ. ಹೂಬುಟ್ಟಿಯನ್ನು ಪಕ್ಕಕ್ಕಿಟ್ಟೆ. ಮಗಳನ್ನು ಮೇಜಿನ ಮೇಲೆ ಮಲಗಿಸಿ, ಒದ್ದೆಯಾಗಿದ್ದದ್ದನ್ನು ಬಿಚ್ಚಿ ಹೊಸದನ್ನು ತೊಡಿಸಿದೆ. ಟಿಚ್, ಟಿಚ್. ಅಧ್ಯಕ್ಷೆ ಓಡಿ ಬಂದರು.

"ಏನ್ರೀ ಮಾಡ್ತಿದ್ದೀರಾ? ಇನ್ನೇನು ಮುಖ್ಯ ಅತಿಥಿಗಳು ಬರ್ತಾರೆ!"

"ಬರಲಿ ಮೇಡಂ. ಅವರೂ ನೋಡಲಿ."

ಅತ್ತೆ ಮುಂದೆ ಬಂದರು. "ಅಲ್ಲ ಕಣವ್ವಾ, ನಿಮ್ ಮಕ್ಳು ಉಚ್ಚೆ ಉಯ್ಯದೇನೇ ಬೆಳುದ್ವಾ?" ಎಂದು ಎಲ್ಲರಿಗೂ ಕೇಳುವಂತೆ ಕೇಳಿದರು. ಯಾರೋ ಕಿಸಕ್ಕೆಂದರು. ಮಿಕ್ಕವರು ಬೇರೆ ಕಡೆ ನೋಡಿದರು. ಬಹುಮಾನ ಗಿಳಿಗೆ ಹೋಯಿತು.

ಅದಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ಆಮೇಲೆ. ಹೊರಡುವಾಗ ಅದೇ ಹೆಂಗಸರು ಒಬ್ಬೊಬ್ಬರಾಗಿ ನಾನು ಕೈತೊಳೆಯುತ್ತಿದ್ದ ಜಾಗಕ್ಕೆ ಬಂದು ಪಿಸುಗುಟ್ಟಿದರು. "ಆ ಮಡಿಕೆ ಹೇಗೆ ಮಾಡಿದ್ರಿ? ಎಲಾಸ್ಟಿಕ್ ಎಷ್ಟು ಎಳೀಬೇಕು?" ನಾನು ಬೇಕೆಂದೇ ಗಟ್ಟಿಯಾಗಿ ಉತ್ತರ ಹೇಳಿದೆ. ಒಬ್ಬಾಕೆ ಗಾಬರಿಯಿಂದ, "ಮೆತ್ತಗೆ ಹೇಳ್ರೀ," ಎಂದಳು.

ಕೆಲವು ತಿಂಗಳ ಮೇಲೆ ಅಧ್ಯಕ್ಷೆಯ ಮಗಳಿಗೆ ಹೆರಿಗೆಯಾಯಿತು. ಮೊಮ್ಮಗುವಿಗೆ ಲಂಗೋಟ ಹೊಲಿದು ಕಳಿಸಬೇಕೆಂದು, ವಿಷಯ ಯಾರಿಗೂ ಗೊತ್ತಾಗುವುದು ಬೇಡವೆಂದು ಹೇಳಿ ಕಳಿಸಿದರು. ಕಳಿಸುವುದಿಲ್ಲ, ಬೇಕಾದರೆ ಬಂದು ಕಲಿತುಕೊಳ್ಳಲಿ ಎಂದೆ. ಅವರು ಬರಲಿಲ್ಲ. ಬಾಣಂತನ ಮುಗಿಸಿ ಚನ್ನರಾಯಪಟ್ಟಣದ ಗಂಡನ ಮನೆಗೆ ಹೋಗಿದ್ದ ಅವರ ಮಗಳು ಒಂದು ಭಾನುವಾರ ಕೂಸನ್ನೆತ್ತಿಕೊಂಡು ತಾನೇ ಬಂದಳು. ಅತ್ತೆ ಕೂಸನ್ನು ಮಡಿಲಿಗೆ ಹಾಕಿಕೊಂಡರು, ನಾನು ಅವಳನ್ನು ಯಂತ್ರದ ಮುಂದೆ ಕೂರಿಸಿದೆ. ಸಂಜೆಯ ಹೊತ್ತಿಗೆ ಒಂದನ್ನು ಪೂರಾ ತಾನೇ ಹೊಲಿದಳು.

"ಅಮ್ಮ ಅವತ್ತು ಹಾಗೆ ಮಾಡಬಾರದಿತ್ತು," ಎಂದಳು ಹೊರಡುವಾಗ.

"ಅದನ್ನ ಅವರು ಹೇಳಬೇಕು, ನೀನಲ್ಲ," ಎಂದೆ.

ಮುಂದಿನ ವರ್ಷದ ಪ್ರದರ್ಶನಕ್ಕೂ ಕರೆ ಬಂತು. ಈ ಸಲ ಅಲಂಕಾರದ ವಸ್ತುಗಳನ್ನು ಮಾತ್ರ ತರಬೇಕಂತೆ. ಸಂಘದಿಂದ ಹೇಳಲು ಬಂದವಳನ್ನು ಬಾಗಿಲಲ್ಲೇ ನಿಲ್ಲಿಸಿ, ನಮ್ಮ ಮನೆಯಲ್ಲಿ ಅಂಥದ್ದು ಯಾವುದನ್ನೂ ಮಾಡುವುದಿಲ್ಲ ಎಂದು ಹೇಳಿ ಕಳಿಸಿದೆ.