ನಾವು ಹೋಗದೆ ಬಿಟ್ಟ ದ್ವೀಪ

ಅದು ಎರಡು ಸರ್ಕಾರಗಳ ನಡುವಿನ ಮುನಿಸು, ನಮಗೂ ಅದಕ್ಕೂ ಏನು ಸಂಬಂಧ ಎಂದು ನಮ್ಮ ಬಳಗದವರು ಈಗ ಹೇಳುತ್ತಾರೆ. ದೊಡ್ಡವರು ಜಗಳ ಆಡಿದರು, ಆಮೇಲೆ ದೊಡ್ಡವರೇ ಕೈಕುಲುಕಿದರು, ಮುಗಿಯಿತು. ಕೇಳಲು ಚೆನ್ನಾಗಿದೆ. ಆದರೆ ಮಾಲ್ದೀವ್ಸಿನ ಆ ಪುಟ್ಟ ದ್ವೀಪದಲ್ಲಿ ಯಾವ ಸರ್ಕಾರವೂ ರೂಮ್ ಬುಕ್ ಮಾಡಿರಲಿಲ್ಲ. ನಾವು ಮಾಡಿದ್ದೆವು. ಬೇಡ ಎಂದದ್ದೂ ಸರ್ಕಾರವಲ್ಲ. ಅಬುಧಾಬಿಯ ಖಾಲಿದಿಯಾದ ಒಂದು ಫ್ಲ್ಯಾಟಿನ ಹಾಲ್‌ನಲ್ಲಿ, ಗೋಳಿಬಜೆ ತಿನ್ನುತ್ತಾ, ನಾವು ಅಂದೆವು. ಎಲ್ಲರಿಂದ ಹಾಗೆ ಅನ್ನಿಸಿದವಳು ನಾನು.

ನಾನು ಕೆಲಸ ಮಾಡುವ ಕ್ಲಿನಿಕ್ಕಿನಲ್ಲಿ ಪಕ್ಕದ ಮೇಜಿನಲ್ಲಿ ಕೂರುವವಳು ಮಾಲ್ದೀವ್ಸಿನವಳು, ನನಗಿಂತ ತುಂಬಾ ದೊಡ್ಡವಳು. ಅವರ ಭಾಷೆಯಲ್ಲಿ ಅಕ್ಕನಿಗೆ ದತ್ತ, ತಂಗಿಗೆ ಕೊಕ್ಕೊ. ಸೇರಿದ ವಾರದಲ್ಲೇ ಅವಳು ನನಗೆ ದತ್ತ, ನಾನು ಅವಳಿಗೆ ಕೊಕ್ಕೊ.

"ನಮ್ಮ ಕಡೆ ದತ್ತ ಅಂದ್ರೆ ದೇವರು, ಗೊತ್ತಾ?" ಎಂದಿದ್ದೆ.

"ಹಾಗಾದ್ರೆ ಈ ಇನ್ಶೂರೆನ್ಸ್ ಫೈಲೆಲ್ಲ ನೀನೇ ಮಾಡು. ದೇವರು ಎಲ್ಲಾದರೂ ಫೈಲ್ ನೋಡೋದುಂಟಾ?"

ನಮ್ಮ ಮಾತೆಲ್ಲ ಹಿಂದಿಯಲ್ಲಿ. ಅವಳ ಹಿಂದಿ ನನ್ನದಕ್ಕಿಂತ ಶುದ್ಧ. ಚಿಕ್ಕಂದಿನಿಂದ ಸಿನಿಮಾ ನೋಡಿ ಕಲಿತದ್ದು. ಅವಳಿಗೆ ಲೆಕ್ಕ ಕಲಿಸಿದ ಮೇಷ್ಟ್ರು ಇಂಡಿಯಾದವರು. ಅವಳ ಅಮ್ಮನ ಮಂಡಿ ಆಪರೇಷನ್ ಆದದ್ದು ಬೆಂಗಳೂರಿನಲ್ಲಿ. "ಈರುಳ್ಳಿ ಹೊರಗೆ ಕಳಿಸೋದಿಲ್ಲ ಅಂತ ನಿಮ್ಮಲ್ಲಿ ಸುದ್ದಿ ಬಂದ್ರೆ ಸಾಕು, ನಮ್ಮಮ್ಮ ಅವತ್ತಿಂದಲೇ ಈರುಳ್ಳೀನ ಸಣ್ಣಗೆ ಹೆಚ್ಚೋಕೆ ಶುರು ಮಾಡ್ತಾಳೆ" ಎಂದು ನಗಿಸಿದ್ದಳು. ನಾನೂ ನಕ್ಕಿದ್ದೆ. ನಮ್ಮ ದೇಶದ ಒಂದು ಆದೇಶಕ್ಕೆ ಇನ್ಯಾರದೋ ಅಡುಗೆಮನೆಯಲ್ಲಿ ಚಾಕು ಸಣ್ಣಗೆ ಆಡುತ್ತದೆ ಎಂಬುದು ಆಗ ಜೋಕಾಗಿಯೇ ಕೇಳಿಸಿತ್ತು.

ಅವಳ ಅಣ್ಣ ಊರಿನಲ್ಲಿ ಗೆಸ್ಟ್‌ಹೌಸ್ ನಡೆಸುತ್ತಿದ್ದ. ಜಾಹೀರಾತಿನಲ್ಲಿ ಕಾಣುವ, ನೀರಿನ ಮೇಲೆ ಕಟ್ಟಿದ ಗುಡಿಸಲುಗಳಲ್ಲ. ಊರಿನವರ ಮನೆಗಳ ನಡುವೆ, ಮಸೀದಿಯ ಹಿಂದಿನ ಓಣಿಯಲ್ಲಿ ಒಂದು ಸಾದಾ ಕಟ್ಟಡ. ಅದರ ಮೇಲೆ ಇನ್ನೊಂದು ಮಹಡಿ ಏರಿಸುತ್ತಿದ್ದ. ಇಂಡಿಯಾದವರು ಜಾಸ್ತಿ ಬರುತ್ತಿದ್ದಾರೆ, ಅವರಿಗೆ ಏನೇನು ಬೇಕು ಎಂದು ತಂಗಿಯ ಮೂಲಕ ನನ್ನನ್ನು ಕೇಳಿಸಿದ. ನಾನೋ, ಒಂದು ಪ್ರಶ್ನೆ ಕೇಳಿದರೆ ನಾಲ್ಕು ಉತ್ತರ ಕೊಡುವವಳು. ನಮ್ಮವರು ಜೋಡಿಯಾಗಿ ಬರುವುದಿಲ್ಲ, ಅಜ್ಜಿ ಮೊಮ್ಮಕ್ಕಳ ಸಮೇತ ಬರುತ್ತಾರೆ, ಅಷ್ಟೂ ಜನ ಒಂದೇ ರೂಮಿನಲ್ಲಿ ಮಲಗಬೇಕು ಎಂದೆ. ವೆಜ್ ಅಡುಗೆಗೆ ಬೇರೆ ಪಾತ್ರೆ ಎಂದೆ. ದೋಸೆ ಗೊತ್ತಿರುವ ಅಡುಗೆಯವ ಸಿಕ್ಕಿದರೆ ಗೆದ್ದ ಹಾಗೆ ಎಂದೆ. ಅವನು ಅಷ್ಟನ್ನೂ ಮಾಡಿದ. ಎಬ್ಬಿಸಿದ್ದ ಗೋಡೆಗಳನ್ನು ಒಡೆಸಿ ಎರಡೆರಡು ರೂಮನ್ನು ಒಂದು ಮಾಡಿಸಿದ. ಕುಂದಾಪುರ ಕಡೆಯ ಒಬ್ಬ ಅಡುಗೆಯವನನ್ನು ಕರೆಸಿಕೊಂಡ.

ಈದ್ ರಜೆಗೆ ನಮ್ಮ ಬಳಗವೇ ಆ ಮಹಡಿಯ ಮೊದಲ ಅತಿಥಿಗಳು ಎಂದಾಯಿತು. ಬಾಗಿಲಿಗೆ ನಮ್ಮ ಭಾಷೆಯಲ್ಲಿ ಏನಾದರೂ ಬರೆದು ಕೊಡು ಎಂದ. ಕಾಗದದಲ್ಲಿ ದೊಡ್ಡದಾಗಿ 'ಬನ್ನಿ' ಎಂದು ಬರೆದು ಫೋಟೊ ಕಳಿಸಿದೆ. ಅವನು ನೀಲಿ ಬಣ್ಣದಲ್ಲಿ ಹಲಗೆಯ ಮೇಲೆ ಬರೆದು ತಿರುಗಿ ಫೋಟೊ ಕಳಿಸಿದ. ಕೆಳಗಿನ ಒತ್ತಕ್ಷರವನ್ನು ಶಾಯಿಯ ಕಲೆ ಅಂದುಕೊಂಡನೋ ಏನೋ, ಬಿಟ್ಟುಬಿಟ್ಟಿದ್ದ. 'ಬನಿ' ಎಂದಾಗಿತ್ತು.

"ಒಂದು ಬಾಲ ಬಿಟ್ಟುಹೋಗಿದೆ ದತ್ತ."

"ಹೇಗೂ ಬರ್ತೀಯಲ್ಲ. ನಿನ್ನ ಬಾಲ ನೀನೇ ಬರಿ."

ಆಯ್ತು ಎಂದೆ.

ಆಮೇಲೆ ಮುನಿಸು ಶುರುವಾಯಿತು. ಅಲ್ಲಿ ಯಾರೋ ಏನೋ ಬರೆದರಂತೆ, ನಮ್ಮಲ್ಲಿ ಎಲ್ಲರೂ ಸಿಟ್ಟಾದರಂತೆ. ಆ ದ್ವೀಪಗಳಿಗೆ ಕಾಲಿಡಬೇಡಿ ಎಂಬ ಸಂದೇಶ ಊರಿನಿಂದ ದಿನಕ್ಕೆ ಹತ್ತು ಸಲ ಬರತೊಡಗಿತು. ಆ ಸಂದೇಶಗಳ ಭಾಷೆಯನ್ನು, ಕಾಗುಣಿತವನ್ನು ಗೇಲಿ ಮಾಡುತ್ತಿದ್ದವಳು ನಾನೇ.

ಆ ಶನಿವಾರ ಸಂಜೆ ಎಲ್ಲರೂ ಖಾಲಿದಿಯಾದಲ್ಲಿ ಸೇರಿದೆವು. ಮನೆ ಮಂಗಳೂರಿನ ಕೊಂಕಣಿ ಅಂಕಲ್ ಆಂಟಿಯದು. ದೇರಾದಲ್ಲಿ ಹೋಲ್‌ಸೇಲ್ ಅಂಗಡಿ ಇಟ್ಟುಕೊಂಡಿರುವ ಬ್ಯಾರಿ ಅಂಕಲ್ ದುಬೈನಿಂದ ಬಂದಿದ್ದರು. ಮಾತು ತೆಗೆದವರು ಅವರೇ.

"ಅಲ್ಲ ಮಾರಾಯ್ರೆ, ಹೋಗ್ಲಿಕ್ಕೆ ಹೋಗುವ. ಆದ್ರೆ ಫೋಟೊ ಎಲ್ಲಿ ಹಾಕುವುದು? ಊರಿನ ಗ್ರೂಪಿಗೆ ಹಾಕಿದ್ರೆ ನನ್ನ ಭಾವನೇ ನನ್ನನ್ನು ಹರಿದು ತಿಂತಾನೆ."

"ನೀವು ಫೋಟೊಕ್ಕೆ ಹೋಗುವುದಾ, ಸಮುದ್ರಕ್ಕೆ ಹೋಗುವುದಾ?" ಎಂದರು ಆಂಟಿ. "ಇವಳ ದತ್ತನ ಅಣ್ಣ ಪಾಪ ಎಂಥ ಮಾಡಿದ? ಅವನೇನು ಮಂತ್ರಿಯಾ?"

ಮನೆಯ ಅಂಕಲ್ ನನ್ನತ್ತ ತಿರುಗಿದರು. "ಇವಳಿದ್ದಾಳಲ್ಲ, ಡಿಬೇಟಿನಲ್ಲಿ ಕಪ್ ಹೊತ್ತುಕೊಂಡು ಬಂದವಳು. ನೀನು ಹೇಳು ನೋಡುವ."

ಚರ್ಚಾಸ್ಪರ್ಧೆಯಲ್ಲಿ ಪಳಗಿದವರಿಗೆ ಒಂದು ಕಾಯಿಲೆ ಇರುತ್ತದೆ. ಯಾವ ಪಕ್ಷ ಸರಿ ಎಂದು ನೋಡುವ ಮೊದಲು ಯಾವ ಪಕ್ಷ ಖಾಲಿ ಇದೆ ಎಂದು ನೋಡುತ್ತೇವೆ. ಆಂಟಿ ಒಂದನ್ನು ಹಿಡಿದಾಗಿತ್ತು. ಇನ್ನೊಂದರ ಬತ್ತಳಿಕೆಯಲ್ಲಿ ಫೋಟೊ ಮತ್ತು ಭಾವ ಬಿಟ್ಟರೆ ಏನೂ ಇರಲಿಲ್ಲ. ಅಷ್ಟು ಬಡಕಲು ಪಕ್ಷ ಕಂಡರೆ ನನಗೆ ಕೈ ತುರಿಸುತ್ತದೆ.

"ದೇಶಪ್ರೇಮದ ಮಾತು ಬಿಡಿ" ಎಂದು ಶುರು ಮಾಡಿದೆ. "ಆ ದೇಶಕ್ಕೆ ಮೇಷ್ಟ್ರು ನಮ್ಮವರು, ಮಾತ್ರೆ ನಮ್ಮದು, ಈರುಳ್ಳಿ ನಮ್ಮದು. ಈಗ ಟೂರಿಸ್ಟರೂ ನಾವೇ. ಒಬ್ಬ ನೆರೆಯವನ ಕೈ ಹಿಡ್ಕೊಂಡೇ ನಡೆಯುವ ದೇಶ ನಡಿಗೆ ಕಲಿಯುವುದು ಯಾವಾಗ? ನಿಮಗೆ ಅವರ ಮೇಲೆ ಪ್ರೀತಿ ಇದ್ರೆ ಒಂದು ವರ್ಷ ಹೋಗಬೇಡಿ. ಬೇರೆಯವರನ್ನು ಹುಡುಕ್ಕೊಳ್ತಾರೆ. ನಾವು ಹೋಗದಿರುವುದೇ ಉಪಕಾರ."

"ಹಾಗಾದ್ರೆ ನಿನ್ನ ಅಪ್ಪ ಫೀಸು ಕಟ್ಟದಿದ್ರೆ ನೀನು ಇನ್ನೂ ಬೇಗ ಉದ್ಧಾರ ಆಗ್ತಿದ್ದಿ ಅಲ್ವಾ?" ಎಂದರು ಆಂಟಿ. ಎಲ್ಲರೂ ನಕ್ಕರು. ನಗು ಅವರ ಕಡೆ ವಾಲುವುದು ಕಂಡಿತು. ಅಲ್ಲಿಗೆ ಬಿಡಬಹುದಿತ್ತು.

"ಆಂಟೀ, ಒಂದು ಇಡೀ ದೇಶವನ್ನು ನೀವು ಫೀಸಿಗೆ ಕಾಯುವ ಮಗು ಅಂತಿದ್ದೀರಿ. ಅವರಿಗೆ ಅವಮಾನ ಮಾಡ್ತಿರುವುದು ನಾನಾ, ನೀವಾ?"

ಆಂಟಿಯ ಮುಖ ಸಣ್ಣದಾಯಿತು. ದೇರಾದ ಅಂಕಲ್ ತೊಡೆ ತಟ್ಟಿ, "ಯಲ್ಲಾ, ಬೇಡ ಅನ್ನುವವರು ಕೈ ಎತ್ತಿ! ಖಲಾಸ್!" ಎಂದರು. ಕೈಗಳು ಎದ್ದವು. ಹೋಗಲು ಅಂಜುತ್ತಿದ್ದವರಿಗೆಲ್ಲ ಒಂದು ಮರ್ಯಾದಸ್ಥ ಕಾರಣ ಸಿಕ್ಕಿತ್ತು. ಮನೆಯ ಮಗಳು ಸೋಫಾದ ಮೂಲೆಯಿಂದ "ದಿಸ್ ಈಸ್ ಸೋ ಅನ್‌ಫೇರ್" ಎಂದು ಎದ್ದುಹೋದಳು. ಅವಳಿಗೆ ತಪ್ಪಿದ್ದು ಈಜು ಮಾತ್ರ. ಆದರೂ ಆ ಹಾಲ್‌ನಲ್ಲಿ ಆ ಸಂಜೆ ಬಂದ ಸರಿಯಾದ ತೀರ್ಪು ಅದೊಂದೇ.

ಮುಂದಿನ ಸೋಮವಾರ ದತ್ತನಿಗೆ ಹೇಳಿದೆ. ಹೇಳುವಾಗ 'ನಾನು' ಎಂಬ ಶಬ್ದವನ್ನು ಎಲ್ಲೂ ಬಳಸಲಿಲ್ಲ. "ನಮ್ಮವರು ಈ ಸಲ ಬೇಡ ಅಂತಿದ್ದಾರೆ."

ಅವಳು ಫೈಲಿನಿಂದ ತಲೆ ಎತ್ತಿದಳು. ಬೇರೆಯವರೂ ಒಬ್ಬೊಬ್ಬರಾಗಿ ಬೇಡ ಎನ್ನುತ್ತಿದ್ದಾರೆಂದು ಅಣ್ಣ ಮೊದಲೇ ಫೋನ್ ಮಾಡಿದ್ದನಂತೆ. "ಬಿಡು ಕೊಕ್ಕೊ. ದೊಡ್ಡವರ ಜಗಳ, ನೀನೇನು ಮಾಡ್ತೀಯ" ಎಂದಳು. ಆಮೇಲೆ, "ನೀನೊಬ್ಬಳಾದರೂ ಹೋಗೋಣ ಅಂದಿರ್ತೀಯ. ನಂಗೊತ್ತು."

ನಾನು ಕಂಪ್ಯೂಟರಿನತ್ತ ತಿರುಗಿ ಮುಂದಿನ ಫೈಲ್ ತೆರೆದೆ. ದೊಡ್ಡವರ ಜಗಳ ಎಂಬ ಆ ಕಥೆಯನ್ನು ನನಗೆ ಮೊದಲು ಕೊಟ್ಟವಳು ಅವಳೇ. ನಾನು ಅದನ್ನು ತೆಗೆದುಕೊಂಡೆ.

ಈದ್‌ಗೆ ನಾವು ಇಲ್ಲೇ ಹತ್ತಿರದ ಅಲ್ ಐನ್‌ಗೆ ಹೋದೆವು. ಹೋಟೆಲಿನ ಕೊಳದಲ್ಲಿ ಮಕ್ಕಳು ಈಜಿದರು. ಫೋಟೊ ಊರಿನ ಗ್ರೂಪಿಗೆ ಹೋಯಿತು.

ಆ ಮಹಡಿಯ ಸುದ್ದಿ ತುಣುಕು ತುಣುಕಾಗಿ ಬಂತು. ಯುರೋಪಿನ ಜೋಡಿಗಳು ಅಷ್ಟು ದೊಡ್ಡ ರೂಮು ನೋಡಿ ಬೇಡ ಎಂದರು. ಕುಂದಾಪುರದವ ಊರಿಗೆ ಹೋದ. ನಾವು ಪಾಠ ಕಲಿಸಲು ಹೊರಟಾಗ ಕೆಲಸ ಕಳೆದುಕೊಂಡವರಲ್ಲಿ ನಮ್ಮವನೂ ಒಬ್ಬ. ಕೊನೆಗೆ ಬೇರೊಂದು ದೊಡ್ಡ ದೇಶದ ಟೂರ್ ಕಂಪನಿ ಮೇಲಿನ ಮಹಡಿಯನ್ನು ಲೀಸಿಗೆ ತೆಗೆದುಕೊಂಡಿತು. ಅವರ ಜನಕ್ಕೆ ಬೇಕಾದ ಹಾಗೆ ರೂಮಿನ ನಡುವೆ ಗೋಡೆ ಮತ್ತೆ ಎದ್ದಿತು, ಹಲಗೆಯ ಮೇಲೆ ಅವರ ಅಕ್ಷರ ಬಂತು. ಕಟ್ಟಿಸಿದ ಸಾಲ ತೀರಿಸಲು ಅಣ್ಣ ಈಗ ಬಂದರಿನ ಬಳಿ ಯಾರದೋ ಅಂಗಡಿಯಲ್ಲಿ ಕೂರುತ್ತಾನೆ.

"ನೋಡು, ನೀನು ಹೇಳಿದ್ದೇ ಆಯ್ತಲ್ಲ, ಬೇರೆಯವರನ್ನು ಹುಡುಕ್ಕೊಂಡ್ರು" ಎಂದು ಖಾಲಿದಿಯಾದ ಅಂಕಲ್ ನನ್ನನ್ನು ಹೊಗಳಿದರು. ಆಂಟಿ ತಟ್ಟೆ ಎತ್ತಿಕೊಂಡು ಒಳಗೆ ಹೋದರು.

ಒಂದು ಹಾಲ್‌ನ ತೀರ್ಮಾನಕ್ಕೆ ಒಂದು ದೇಶವೇನೂ ಬೀಳುವುದಿಲ್ಲ ಎಂದು ನನ್ನೊಳಗಿನ ವಾದಗಾರ್ತಿ ಹೇಳುತ್ತಾಳೆ. ಸರಿಯೇ. ಆದರೆ ಅಂಥ ಹಾಲ್‌ಗಳು ಎಷ್ಟಿದ್ದವು? ದೊಡ್ಡ ನೆರೆಯವರು ಎಂದರೆ ಅದೇ ತಾನೆ: ನಾವು ಒಂದು ಸಂಜೆ ಮನಸ್ಸು ಬದಲಿಸಿದರೆ ನಮಗೆ ರಜೆಯ ಊರು ಬದಲಾಗುತ್ತದೆ, ಅವರಿಗೆ ಮನೆಯ ಗೋಡೆ. ಗೋಡೆ ಒಡೆಸಿದವಳೂ ನಾನೇ, ನಿನ್ನ ಕಾಲ ಮೇಲೆ ನೀನು ನಿಲ್ಲು ಎಂದವಳೂ ನಾನೇ.

ಈಗ ಮುನಿಸು ಮುಗಿದಿದೆ. ಮೊನ್ನೆ ದೇರಾದ ಅಂಕಲ್ ಫೋನ್ ಮಾಡಿದರು. "ಎಲ್ಲ ಸರಿ ಆಯ್ತಲ್ಲ ಮಾರಾಯ್ತಿ. ಆ ದ್ವೀಪದಲ್ಲಿ ಬೇರೆ ಯಾರದ್ದಾದ್ರೂ ರೂಮು ಉಂಟಾ ಅಂತ ನಿನ್ನ ದತ್ತನನ್ನು ಕೇಳು."

ಮಧ್ಯಾಹ್ನ ಊಟಕ್ಕೆ ಕೂತಾಗ ಕೇಳಬೇಕೆಂದಿದ್ದೆ. ಅವಳು ಮೀನು, ತೆಂಗಿನತುರಿ, ಸಣ್ಣಗೆ ಹೆಚ್ಚಿದ ಈರುಳ್ಳಿ ಕಲಸಿದ್ದನ್ನು ಎಂದಿನಂತೆ ರೊಟ್ಟಿಯಲ್ಲಿ ಮಡಚಿ ಮೊದಲ ತುಂಡು ನನಗೆ ಚಾಚಿದಳು. "ತಗೋ. ನಿನಗೆ ಕೊಡದೆ ಇನ್ಯಾರಿಗೆ ಕೊಡಲಿ" ಎಂದಳು. ಕೈಯಲ್ಲಿ ರೊಟ್ಟಿ ಹಿಡಿದೇ ಇದ್ದೆ. ರೂಮಿನ ಬದಲು ಬೇರೆಯದನ್ನೇ ಕೇಳಿದೆ.

"ದತ್ತ, ಅವತ್ತು ಹೋಗೋಣ ಅಂತ ನಾನು ಹೇಳಿರ್ತೀನಿ ಅಂತ ನಿನಗೆ ಯಾಕೆ ಅನ್ನಿಸ್ತು?"