ಒಂದೇ ಸಲ ಕೇಳುವ ಫೋನು

ಬೀರುವಿನಲ್ಲಿದ್ದ ಹಳೆಯ ರವಿಕೆಗಳನ್ನು ಕೊಡವುತ್ತಿದ್ದೆ. ಒಂದರ ಮಡಿಕೆಯಿಂದ ಉಗುರಿನಷ್ಟು ಕರಿ ಚೂರೊಂದು ಬಿತ್ತು. ಜಿರಳೆ ಮರಿ ಎಂದುಕೊಂಡು ಚಪ್ಪಲಿ ಎತ್ತಿದೆ. ಮೊಮ್ಮಗಳು ಅನು ಅಲ್ಲೇ ಇದ್ದದ್ದು ಒಳ್ಳೆಯದಾಯಿತು. "ಅಜ್ಜಿ, ರುಕೋ! ಅದು ದೊಡ್ಡಜ್ಜಿ ಕಾರ್ಡು!" ಎಂದು ಕೂಗಿಕೊಂಡಳು.

ಫೋನಿನೊಳಗೆ ಹಾಕುವ ಕಾರ್ಡಿಗೆ ಇಷ್ಟು ಕೂಗಾಟ ಯಾಕೆ ಎನ್ನುತ್ತೀರಿ. ಹೇಳುತ್ತೇನೆ, ಕೂತುಕೊಳ್ಳಿ. ನಾನು ಓದಿದ್ದು ನಾಲ್ಕನೇ ಕ್ಲಾಸು. ತಪ್ಪಿದ್ದರೆ ನೀವೇ ತಿದ್ದಿಕೊಳ್ಳಿ.

ಆಗ ನಾವು ದಿಲ್ಲಿಯ ಲೋಧಿ ಕಾಲೋನಿಯ ಸರ್ಕಾರಿ ಕ್ವಾರ್ಟರ್ಸಿನಲ್ಲಿದ್ದೆವು. ಅನು ಕಾಲೇಜು ಸೇರಿದ್ದಳು. ನನ್ನ ಅಕ್ಕ ಸರಸಕ್ಕ, ಅನುವಿನ ದೊಡ್ಡಜ್ಜಿ, ಗಂಟಲಿನಲ್ಲಿದ್ದ ಗಂಟು ತೆಗೆಸಿಕೊಳ್ಳಲು ತುಮಕೂರಿನಿಂದ ಬಂದಳು. ಗಂಟಿನ ಜೊತೆ ಧ್ವನಿಯೂ ಹೋದರೆ ಹೋಗಬಹುದು ಎಂದರು ಡಾಕ್ಟರು. ಅಕ್ಕನ ಬಾಯಿ ಎಂಥದ್ದೆಂದರೆ, ಆ ಮಾತು ಕೇಳಿ ಸಂತೋಷಪಡುವವರೂ ನಮ್ಮ ಬಳಗದಲ್ಲಿದ್ದರು. ಆದರೆ ಊರಲ್ಲೇ ಉಳಿದಿದ್ದ ಭಾವನಿಗೆ ಕಣ್ಣು ಹೋಗಿ ಬಹಳ ಕಾಲವಾಗಿತ್ತು. ಮನೆಯಲ್ಲಿ ಅವರು ಓಡಾಡುತ್ತಿದ್ದದ್ದೇ ಅವಳ ಧ್ವನಿ ಹಿಡಿದುಕೊಂಡು. ಅಡುಗೆಮನೆಯಿಂದ ಬೈದರೆ ಬಲಕ್ಕೆ, ಹಿತ್ತಲಿನಿಂದ ಬೈದರೆ ಎಡಕ್ಕೆ.

"ಅವರ ಪಾಲಿಗೆ ನಾನು ಅಂದ್ರೆ ಈ ಗಂಟಲೇ ಕಣೇ. ಇದು ಹೋದ್ರೆ ಎದುರಿಗೇ ಇದ್ರೂ ಇಲ್ಲದ ಹಾಗೇ," ಎಂದಳು. ಅಳಲಿಲ್ಲ. ನಮ್ಮ ಮನೆಯಲ್ಲಿ ಅಳುವವರು ಕಡಿಮೆ.

"ಟೆನ್ಶನ್ ಮತ್ ಲೋ, ದೊಡ್ಡಜ್ಜಿ. ನಾನು ರೆಕಾರ್ಡ್ ಮಾಡ್ತೀನಿ," ಎಂದಳು ಅನು. ಅವಳ ಫೋನಿನಲ್ಲಿ ರೆಕಾರ್ಡಿಂಗ್ ತಾನಾಗಿ ಒಂದು ನಿಮಿಷಕ್ಕೇ ನಿಂತುಬಿಡುತ್ತಿತ್ತು. ಅಷ್ಟರಲ್ಲಿ ಅಕ್ಕ ಕೆಮ್ಮಿ ಗಂಟಲು ಸರಿಮಾಡಿಕೊಳ್ಳುವುದೂ ಕಷ್ಟ. ಅದಕ್ಕೇ ಗೆಳತಿಯಿಂದ ಎಂಥದೋ ಒಂದು ಆಪ್ ಹಾಕಿಸಿಕೊಂಡು ಬಂದಳು. ಎಷ್ಟು ಹೊತ್ತು ಬೇಕಾದರೂ ಕೇಳಿಸಿಕೊಳ್ಳುತ್ತದಂತೆ, ಕೊನೆಗೆ ನಮ್ಮನ್ನು ಒಂದು ಮಾತು ಕೇಳಿ ಕಾರ್ಡಿನ ಮೇಲೆ ಬರೆದಿಡುತ್ತದಂತೆ.

ಆಸ್ಪತ್ರೆ ಸೇರುವ ದಿನ ಮಧ್ಯಾಹ್ನ ಅಕ್ಕ ದಿವಾನದ ಮೇಲೆ ಕೂತು ಭಾವನಿಗೆ ಹೇಳುವುದನ್ನೆಲ್ಲ ಹೇಳಿದಳು. ಮಾತ್ರೆ, ಊರುಗೋಲು, ಉಪ್ಪು, ಎಲ್ಲ. ಮದುವೆಯಾದ ಹೊಸತರ ಒಂದು ಮಾತನ್ನೂ ಹೇಳಿದಳು, ಅದು ನಿಮಗೆ ಬೇಡ. ಮುಗಿದ ಮೇಲೆ ಫೋನು ಕೇಳಿತು.

"ಕಾರ್ಡ್ ಮೇಲೆ ಬರೀಲಾ ಅಂತ ಪೂಛ್ ರಹಾ ಹೈ. ಬೇಕಾ, ದೊಡ್ಡಜ್ಜಿ?"

"ಅಯ್ಯೋ, ಬೇಡ ಬಿಡೇ. ಸುಮ್ನೆ ನಿಂಗೆ ತೊಂದ್ರೆ."

ಅನು 'ನೋ' ಒತ್ತಿದಳು. ಎಲ್ಲ ಅಳಿಸಿಹೋಯಿತು.

ನಮ್ಮ ಕಡೆ ಕಾಫಿ ಕುಡೀತೀರಾ ಎಂದು ಕೇಳಿದರೆ ಮೊದಲ ಸಲಕ್ಕೇ ಹೂಂ ಎನ್ನುವುದುಂಟೇ? ಎರಡು ಸಲ ಬೇಡ ಎನ್ನಬೇಕು, ಕೇಳುವವರು ಮೂರನೇ ಸಲ ಕೇಳಬೇಕು, ಆಮೇಲೆ ಲೋಟ ಹಿಡಿಯಬೇಕು. ಮೂರನೇ ಸಲ ಕೇಳದ ಮನೆಯನ್ನು ಜಿಪುಣರ ಮನೆ ಎನ್ನುತ್ತೇವೆ.

"ಬೇಡ ಅಂದ ತಕ್ಷಣ ಬಿಟ್ಟುಬಿಡೋದೇನೇ?" ಎಂದು ಅಕ್ಕ ಬೆಚ್ಚಿದಳು.

"ಆಪನೇ ಹೀ ತೋ ಬೋಲಾ, ನೀವೇ ಹೇಳಿದ್ರಿ! ಬೇಡ ಅಂದ್ರೆ ಬೇಡ ತಾನೇ?" ಅನುವಿಗೆ ಅಳುವೇ ಬಂತು.

"ಮಗು ದಿಲ್ಲೀಲಿ ಹುಟ್ಟಿದ್ದು," ಎಂದೆ ನಾನು. "ಫೋನಂತೂ ಯಾವ ಊರಿಂದೋ. ನಿನ್ನ ಉಪಚಾರ ಅದಕ್ಕೇನು ಗೊತ್ತು? ಇನ್ನೊಂದು ಸಲ ಹೇಳು, ನಡಿ."

ಹೊರಗೆ ಆಟೋದವನು ಹಾರ್ನ್ ಒತ್ತತೊಡಗಿದ. "ಮಾತಾಜೀ, ಚಲೋ!" "ರುಕೋ ಭಯ್ಯಾ!" ಎಂದು ನಾನು ಬಾಗಿಲಿಗೇ ಅಡ್ಡ ನಿಂತೆ. ಅಕ್ಕ ಮತ್ತೆ ಶುರುಮಾಡಿದಳು, ಹೊಸತರ ಮಾತನ್ನೂ ಬಿಡಲಿಲ್ಲ. ಕೊನೆಗೆ ಅನು ಬಾಯಿ ತೆರೆಯುವ ಮೊದಲೇ "ಹೂಂ, ಹೂಂ, ಹೂಂ! ಬರೀಲಿ!" ಎಂದು ಮೂರಕ್ಕೂ ಒಟ್ಟಿಗೆ ಉತ್ತರ ಕೊಟ್ಟಳು. ಈ ಸಲ ಉಳಿಯಿತು.

ಆಪರೇಷನ್ ಆದ ಮೇಲೆ ಮಾತಾಡಲೇಬಾರದು ಎಂದರು. ಧ್ವನಿ ಇದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಭಾವ ಫೋನ್ ಮಾಡಿದಾಗೆಲ್ಲ ಅನು ಮೊಬೈಲನ್ನು ಮನೆಯ ಫೋನಿನ ಬಾಯಿಗೆ ಹಿಡಿಯುತ್ತಿದ್ದಳು. "ಮಾತ್ರೆ ತಗೊಂಡ್ರಾ?" ಎನ್ನುತ್ತಿತ್ತು ಅಕ್ಕನ ಧ್ವನಿ. "ತಗೊಂಡೆ ಕಣೇ." "ಸುಳ್ಳು ಹೇಳ್ಬೇಡಿ." "ಸರಿ, ಈಗ ತಗೋತೀನಿ." ಅವಳು ಗಂಡನನ್ನು ಅಷ್ಟು ಚೆನ್ನಾಗಿ ಅರೆದು ಕುಡಿದಿದ್ದಳು. ಆದರೆ ಅವರು "ನೋವಿದ್ಯೇನೇ?" ಎಂದು ಕೇಳಿದರೆ ಧ್ವನಿ ಉಪ್ಪಿನ ಸುದ್ದಿ ಹೇಳುತ್ತಿತ್ತು. ಆ ಕಡೆ ಭಾವ ಮತ್ತೊಂದು ಸಲ ಕೇಳಿ, ಆಮೇಲೆ ಫೋನ್ ಇಟ್ಟುಬಿಡುತ್ತಿದ್ದರು.

ಕೊನೆಗೆ ಮಾತಾಡಲು ಬಿಟ್ಟರು. ಅಕ್ಕನೇ ಫೋನ್ ಹಿಡಿದಳು. "ರೀ," ಎಂದಳು. ತುರಿಮಣೆಯಲ್ಲಿ ಕೊಬ್ಬರಿ ಹೆರೆದ ಹಾಗಿತ್ತು.

"ಯಾರು ಮಾತಾಡ್ತಿರೋದು?" ಎಂದರು ಭಾವ.

ನಾನು ಕೈಲಿದ್ದ ಪಾತ್ರೆ ಕೆಳಗಿಟ್ಟೆ. ಅಕ್ಕನ ಮುಖ ನೋಡಲಿಲ್ಲ.

"ಯಾರಾ? ಇಷ್ಟು ವರ್ಷ ಬೇಯಿಸಿ ಹಾಕಿದವಳು ಯಾರು ಅಂತ ಕೇಳ್ತೀರಾ? ನಾಚಿಕೆ ಆಗಲ್ವಾ?"

ಆ ಕಡೆಯಿಂದ ನಗು ಬಂತು. "ಧ್ವನಿ ಯಾರದೋ, ಬೈಗುಳ ನಿಂದೇ."

ಬೆಳಗಿನಿಂದ ಏನೂ ತಿಂದಿಲ್ಲ ಎನ್ನುವುದು ನನಗೆ ಆಗ ನೆನಪಾಯಿತು. ಉಪ್ಪಿಟ್ಟು ಕೆದಕಿದೆ. ಅನು ಬಡಿಸಲಾ ಎಂದದ್ದೇ ತಡ, ಅಕ್ಕ ನಾನು ಇಬ್ಬರೂ ಮೊದಲ ಸಲಕ್ಕೇ ತಟ್ಟೆ ಚಾಚಿದೆವು.

ಆಮೇಲೆ ಕಾರ್ಡು ಜೋಪಾನವಾಗಿರಲಿ ಎಂದು ರವಿಕೆಯ ಮಡಿಕೆಯಲ್ಲಿಟ್ಟು ಮರೆತೇಬಿಟ್ಟಿದ್ದೆ. ಇವತ್ತು ಅನು ಅದನ್ನು ಒರೆಸಿ, ಕೂಡಲೇ ತುಮಕೂರಿಗೆ ಫೋನ್ ಮಾಡಿದಳು. ಭಾವನೇ ಎತ್ತಿದರು. "ದೊಡ್ಡಜ್ಜ, ದೊಡ್ಡಜ್ಜಿ ಹಳೇ ಧ್ವನಿ ಇದೆ. ನಿಮ್ಮ ಫೋನಿಗೆ ಕಳಿಸ್ಲಾ?"

"ಬೇಡಮ್ಮ."

ಹುಡುಗಿ ಈಗ ಪಳಗಿದ್ದಾಳೆ. ಇನ್ನೊಮ್ಮೆ ಕೇಳಿದಳು, ಮತ್ತೊಮ್ಮೆ ಕೇಳಿದಳು.

"ನಿಜವಾಗ್ಲೂ ಬೇಡ ಪುಟ್ಟಿ. ಧ್ವನಿ ಚೆನ್ನಾಗಿತ್ತು. ಆದ್ರೆ ಅದು ನಾನು ಕೇಳಿದ್ದಕ್ಕೆ ಉತ್ತರಾನೇ ಕೊಡ್ತಿರ್ಲಿಲ್ಲ."

ಅವರ ಹಿಂದಿನಿಂದ ಒರಟು ದನಿಯೊಂದು ಬಂತು. "ಯಾರ ಹತ್ರ ಹರಟೆ? ಸಾರು ಆರಿಹೋಗ್ತಿದೆ!"

"ಬಂದೆ ಕಣೇ," ಎಂದರು ಭಾವ. ಫೋನು ಇಡುವುದನ್ನೇ ಮರೆತರು. ಅವರ ಹೆಜ್ಜೆಯ ಸದ್ದು ನಮಗೆ ಕೇಳಿಸುತ್ತಿತ್ತು, ಎಲ್ಲೂ ತಡವರಿಸದೆ.